ಡಬ್ಬಿಯಿಂದ ಬಂದ ಹೆಸರು

ಅಲ್ಡರ್ ಬೇ, ಮಿಷಿಗನ್
ಜೂನ್ ೨೦, ೧೯೭೭

ಪ್ರೀತಿಯ ಲೆಂಪಿ ಅಕ್ಕ,

ಫೋನ್ ಮಾಡೋಣವೆಂದರೆ ನಿನಗೆ ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ, ಇನ್ನೊಂದರಲ್ಲಿ ನಿನಗೆ ಬೇಕಾದಷ್ಟೇ ಕೇಳಿಸುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ನನ್ನನ್ನು ಜ್ಯೂರಿಗೆ ಕರೆದಿದ್ದಾರೆ, ಊರಿನವರ ಜೊತೆ ಕೂತು ಕೇಸು ಕೇಳಿ ತೀರ್ಪು ಹೇಳಲು. ಜುಲೈ ಹನ್ನೊಂದಕ್ಕೆ ಕೋರ್ಟಿಗೆ ಬಾ, ಬರದಿದ್ದರೆ ದಂಡ ಹಾಕುತ್ತೇವೆ ಎಂದು ಕಾಗದ ಬಂದಿದೆ.

ಚಳಿಗಾಲವಾಗಿದ್ದರೆ ಶಾಲೆಯ ಮಕ್ಕಳಿಗೆ ಅಡುಗೆ ಮಾಡುವವರು ಬೇರೆ ಯಾರೂ ಇಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಈಗ ಶಾಲೆಗೆ ರಜೆ, ಅಡುಗೆಮನೆಗೆ ಬೀಗ, ನನಗೆ ಯಾವ ನೆಪವೂ ಇಲ್ಲ. ಅಪ್ಪನ ನೆನಪಾಯಿತು. ಕೋರ್ಟಿನ ಮುಂದೆ ಹೋಗಬೇಕಾದಾಗಲೆಲ್ಲ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದನಲ್ಲ, ಅವನ ಮಗಳು ಈಗ ಒಳಗೇ ಹೋಗಿ ಕೂರಬೇಕು.

ವೈನೋಗಂತೂ ನಗುವೋ ನಗು. "ದಿನಗಟ್ಟಲೆ ಬಾಯಿ ಮುಚ್ಕೊಂಡು ಕೂರೋ ಕೆಲಸಕ್ಕೆ ನಿನ್ನ ಕರೆದಿದಾರಾ? ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ?" ಎಂದ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಗಂಡ, ಏನು ಬೇಕಾದರೂ ಹೇಳಬಹುದು ಎಂದುಕೊಂಡಿದ್ದಾನೆ. ರಸ್ತೆಯ ಹಿಮ ತೆಗೆಯುವ ಗಾಡಿ ಷೆಡ್ಡಿನಲ್ಲಿ ನಿಂತ ಮೇಲೆ ಅವನಿಗೆ ಮಾಡಲು ಕೆಲಸವಿಲ್ಲ, ದಿನವಿಡೀ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಾನೆ.

ನಿನ್ನ ಮಂಡಿ ನೋವು ಹೇಗಿದೆ?

ನಿನ್ನ ತಂಗಿ,
ಐಲಿ


ಆಸ್ಟೋರಿಯಾ, ಒರೆಗಾನ್
ಜೂನ್ ೨೭, ೧೯೭೭

ಐಲಿ,

ಮಂಡಿ ಇದ್ದ ಹಾಗೇ ಇದೆ. ಮೀನು ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಂತು ಕೆಲಸ ಮಾಡಿದ್ದಕ್ಕೆ ಅವರು ಕೊಟ್ಟ ಬಹುಮಾನ ಅದು.

ಜ್ಯೂರಿಗೆ ಹೋಗಬೇಡ. ನನ್ನನ್ನು ಒಮ್ಮೆ ಕರೆದಿದ್ದರು. ಜಡ್ಜ್ ಏನು ಕೇಳಿದರೂ "ಏನಂದ್ರಿ? ಏನಂದ್ರಿ?" ಎನ್ನುತ್ತಿದ್ದೆ. ಅರ್ಧ ಗಂಟೆಯಲ್ಲಿ ಮನೆಗೆ ಕಳಿಸಿದರು. ನಿನಗೆ ಕಿವಿ ಚೆನ್ನಾಗಿದೆ, ಅದು ನಿನ್ನ ಕರ್ಮ. ಪೊಲೀಸರನ್ನು ಕಂಡರೆ ಆಗುವುದಿಲ್ಲ ಎಂದು ಹೇಳು, ತಕ್ಷಣ ಬಿಟ್ಟುಬಿಡುತ್ತಾರೆ. ಆದರೆ ನೀನು ಹೇಳುವವಳಲ್ಲ. ಚಿಕ್ಕಂದಿನಲ್ಲಿ ಟೀಚರು ನಿಲ್ಲು ಎಂದರೆ ಗಂಟೆ ಹೊಡೆದ ಮೇಲೂ ನಿಂತೇ ಇರುತ್ತಿದ್ದವಳು ನೀನು.

ಲೆಂಪಿ


ಅಲ್ಡರ್ ಬೇ
ಜುಲೈ ೧೨, ೧೯೭೭

ಪ್ರೀತಿಯ ಅಕ್ಕ,

ನನ್ನನ್ನು ಆರಿಸಿಬಿಟ್ಟರು. ವಕೀಲರು ಒಬ್ಬೊಬ್ಬರನ್ನೇ ಎಬ್ಬಿಸಿ ಪ್ರಶ್ನೆ ಕೇಳುತ್ತಾ ಹೋದರು. ಕೆಲವರಿಗೆ ಹೋಗಿ ಎಂದರು, ಅವರ ಮುಖ ನೋಡಬೇಕಿತ್ತು, ಲಾಟರಿ ಹೊಡೆದವರ ಹಾಗೆ ಎದ್ದು ಹೋದರು. ನನ್ನನ್ನು ಕೇಳಿದ್ದು ಮೂರೋ ನಾಲ್ಕೋ ಪ್ರಶ್ನೆ. ಗಂಡನ ಕೆಲಸವೇನು ಎಂದು ಕೇಳಿದಾಗ ರಸ್ತೆಯ ಹಿಮ ತೆಗೆಯುವ ಗಾಡಿ ಓಡಿಸುತ್ತಾನೆ ಎಂದೆ. ಜಡ್ಜ್ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಜುಲೈನಲ್ಲಿ ಆ ಮಾತು ಎತ್ತಿದೀರಿ ತಾಯಿ, ನಮಗೆಲ್ಲ ಬಿಯರ್ ಕೊಡಿಸಬೇಕಾಗತ್ತೆ" ಎಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ಸೆಪ್ಟೆಂಬರ್ ಬರುವ ತನಕ ಇಲ್ಲಿ ಯಾರು ಹಿಮದ ಹೆಸರೆತ್ತಿದರೂ ಸುತ್ತ ಇದ್ದವರಿಗೆಲ್ಲ ಬಿಯರ್ ಕೊಡಿಸಬೇಕು ಎಂಬ ಕಟ್ಟಳೆ ನಿನಗೂ ನೆನಪಿರಬೇಕು. ದೂರದ ಲ್ಯಾನ್ಸಿಂಗ್‌ನಿಂದ ಬಂದ ಆರೋಪಿಯ ವಕೀಲ ಮಾತ್ರ ಏನೂ ಅರ್ಥವಾಗದೆ ಸುಮ್ಮನೆ ಹಲ್ಲು ಕಿರಿದ.

ಕೇಸಿನ ಬಗ್ಗೆ ಒಂದಕ್ಷರವನ್ನೂ ಯಾರಿಗೂ ಹೇಳಬಾರದು ಎಂದು ಆಣೆ ಮಾಡಿಸಿಕೊಂಡಿದ್ದಾರೆ. ಗಂಡನಿಗೂ ಇಲ್ಲ, ಪತ್ರದಲ್ಲೂ ಇಲ್ಲ, ನಮ್ಮ ನಮ್ಮಲ್ಲೂ ಇಲ್ಲ. ಹದಿನಾಲ್ಕು ಜನ ಇದ್ದೇವೆ. ಮಧ್ಯಾಹ್ನ ಒಂದೇ ಮೇಜಿನ ಸುತ್ತ ಕೂತು ಹಂದಿಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಾ ಟ್ರೌಟ್ ಮೀನು, ಟೊಮೇಟೊ ಗಿಡ, ಮೊಮ್ಮಕ್ಕಳು ಎಂದು ಹರಟುತ್ತೇವೆ. ಎಲ್ಲರ ತಲೆಯಲ್ಲೂ ಇರುವುದು ಒಂದೇ. ನನ್ನ ಪಕ್ಕದ ಕುರ್ಚಿಯಲ್ಲಿ ಕ್ಲೆಮ್ ಎಂಬ ರೈತ ಕೂರುತ್ತಾನೆ. ಒಳ್ಳೆಯ ಮನುಷ್ಯ. ಸೆಖೆಗೆ ನನಗೆ ತೂಕಡಿಕೆ ಬಂದರೆ ಮೆಲ್ಲಗೆ ಒಂದು ಪೆಪ್ಪರ್‌ಮಿಂಟ್ ದಾಟಿಸುತ್ತಾನೆ.

ಬೇರೆ ಏನೂ ಬರೆಯುವಂತಿಲ್ಲ. ವೈನೋ ಹೇಳಿದ ಮಾತೇ ನಿಜವಾಯಿತು.

ನಿನ್ನ,
ಐಲಿ


ಆಸ್ಟೋರಿಯಾ
ಜುಲೈ ೧೭, ೧೯೭೭

ಐಲಿ,

ನೀನು ಹೇಳದಿದ್ದರೆ ನನಗೆ ತಿಳಿಯುವುದಿಲ್ಲವೇ? ನಿಮ್ಮ ಊರಿನ ಪೇಪರು ನನಗೆ ಅಂಚೆಯಲ್ಲಿ ಬರುತ್ತದೆ. ಆ ಬೋಡ್ರಿ ಹುಡುಗನ ಕೇಸು. ಫೆಬ್ರವರಿಯಲ್ಲಿ ಹೋಸ್ಕಿಂಗ್‌ನ ಕಬ್ಬಿಣದ ಸಾಮಾನಿನ ಅಂಗಡಿ ಸುಟ್ಟು, ಮೇಲಿನ ಮಹಡಿಯಲ್ಲಿ ಕಾಯಿಲೆಯಿಂದ ಮಲಗಿದ್ದ ಮುದುಕ ಹೋಸ್ಕಿಂಗ್ ಹೊಗೆಗೆ ಸತ್ತನಲ್ಲ, ಅದು. ರೋಲಿ ಬೋಡ್ರಿಯನ್ನು ಅದರ ಹಿಂದಿನ ವಾರವೇ ಅಲ್ಲಿಯ ಕೆಲಸದಿಂದ ತೆಗೆದಿದ್ದರಂತೆ, ಆ ಸಿಟ್ಟಿಗೆ ಅವನೇ ಬೆಂಕಿ ಇಟ್ಟ ಎಂದು ಆರೋಪ. ಹಿತ್ತಿಲ ಬಾಗಿಲಿಂದ ಅವನು ಹೊರಬಂದದ್ದನ್ನು ಪಕ್ಕದ ಮನೆಯ ಟ್ರೆಗಿಯರ್ ಅಜ್ಜಿ ಕಣ್ಣಾರೆ ಕಂಡಿದ್ದಾಳಂತೆ. ಅವನು ಮನೆಯಲ್ಲೇ ಮಲಗಿದ್ದ ಎಂದು ಹೇಳಲು ಇರುವುದು ಅವನ ತಾಯಿ ಒಬ್ಬಳೇ. ತಾಯಿ ಇನ್ನೇನು ಹೇಳುತ್ತಾಳೆ?

ಅಪರಾಧಿ ಎಂದಾದರೆ ಸಾಯುವ ತನಕ ಜೈಲು, ಬಿಡುಗಡೆಯ ಮಾತೇ ಇಲ್ಲ ಎಂದು ಬರೆದಿದ್ದಾರೆ. ಅವನಿಗೆ ಇಪ್ಪತ್ತೊಂಬತ್ತು ವರ್ಷ. ಇಂಥದ್ದರಲ್ಲಿ ಕೂತಿದ್ದೀಯಲ್ಲೇ. ನನಗೆ ನಿನ್ನದೇ ಯೋಚನೆಯಾಗಿದೆ.

ಲೆಂಪಿ


ಅಲ್ಡರ್ ಬೇ
ಜುಲೈ ೧೯, ೧೯೭೭

ಪ್ರೀತಿಯ ಅಕ್ಕ,

ಕೇಸಿನ ಮಾತಲ್ಲ, ಒಂದು ಹಳೆಯ ಸಂಗತಿ ಕೇಳುತ್ತೇನೆ. ನಾವು ಹುಟ್ಟಿದ ಗಣಿ ಕಂಪನಿಯ ಮನೆ ಇತ್ತಲ್ಲ, ಚಳಿಗಾಲದಲ್ಲಿ ಅದರ ಅಡುಗೆಮನೆ ಹೇಗಿರುತ್ತಿತ್ತು? ಆ ತಗ್ಗಿನ ಕಿಟಕಿ? ನನಗೆ ಅರ್ಧಂಬರ್ಧ ನೆನಪು. ನೀನು ದೊಡ್ಡವಳು, ನಿನಗೆ ನೆನಪಿರಬೇಕು. ಯಾಕೆ ಕೇಳಿದೆ ಎಂದು ಕೇಳಬೇಡ, ಬರೆದು ಕಳಿಸು.

ಇವತ್ತು ಕೋರ್ಟಿನ ದಫೇದಾರನನ್ನು ತಡೆದು ಒಂದು ಮಾತು ಕೇಳಿದೆ. ಸಾಕ್ಷಿಗೆ ನಾನೊಂದು ಪ್ರಶ್ನೆ ಕೇಳಬಹುದೇ ಎಂದೆ. ಒಂದೇ ಪ್ರಶ್ನೆ, ಅದೂ ವಕೀಲರ ಮೂಲಕ ಆದರೂ ಸರಿ. ಅವನು ನನ್ನನ್ನು ಸಣ್ಣ ಮಗುವನ್ನು ನೋಡುವ ಹಾಗೆ ನೋಡಿದ.

"ನೀವು ಕೇಳಿಸ್ಕೊಳ್ಳೋಕೆ ಇರೋದಮ್ಮ, ಕೇಳೋಕಲ್ಲ. ಕೊನೇಲಿ ಆ ಕೋಣೆ ಒಳಗೆ ಕೂರಿಸ್ತಾರಲ್ಲ, ಅಲ್ಲಿ ಎಷ್ಟು ಬೇಕಾದ್ರೂ ಮಾತಾಡಿ."

ಸರಿ, ಕೊನೆಯವರೆಗೆ ಕಾಯುತ್ತೇನೆ. ವಕೀಲರಲ್ಲಿ ಯಾರಾದರೂ ಕೇಳಿಯಾರು ಎಂದು ಇಡೀ ದಿನ ಬಾಯಿ ನೋಡುತ್ತಾ ಕೂತಿದ್ದೆ. ಯಾರೂ ಕೇಳಲಿಲ್ಲ. ಮನೆಗೆ ಬಂದು ತೋಟಕ್ಕೆ ನೀರು ಹಾಕುವಾಗ ಆ ಕೋಣೆಯಲ್ಲಿ ಏನು ಹೇಳಬೇಕು ಎಂಬುದನ್ನು ಹುರುಳಿಕಾಯಿ ಗಿಡಗಳ ಮುಂದೆ ಹೇಳಿ ನೋಡಿಕೊಂಡೆ. ನಿನಗೆ ಗೊತ್ತಲ್ಲ, ನಾಲ್ಕು ಜನರ ಎದುರು ನಿಂತರೆ ನನಗೆ ನಾಲಿಗೆ ಒಣಗುತ್ತದೆ. ಆದರೆ ಈ ಸಲ ಹೇಳುತ್ತೇನೆ.

ಐಲಿ


ಅಲ್ಡರ್ ಬೇ
ಜುಲೈ ೨೨, ೧೯೭೭, ಶುಕ್ರವಾರ

ಅಕ್ಕ,

ನನ್ನನ್ನು ಮನೆಗೆ ಕಳಿಸಿದರು.

ತೀರ್ಪು ಕೊಡುವವರು ಹನ್ನೆರಡೇ ಜನವಂತೆ. ಇನ್ನಿಬ್ಬರನ್ನು ಸೇರಿಸಿಕೊಂಡಿದ್ದು ನಡುವೆ ಯಾರಿಗಾದರೂ ಜ್ವರ ಗಿರ ಬಂದರೆ ಬೇಕಾದೀತೆಂದು. ಮೊದಲ ದಿನವೇ ಹೇಳಿದ್ದರಂತೆ, ನನ್ನ ತಲೆಗೆ ಹೋಗಿರಲಿಲ್ಲ. ಯಾರು ಆ ಇಬ್ಬರು ಎಂಬುದನ್ನು ಕೊನೆಯ ಕ್ಷಣದ ತನಕ ಯಾರೂ ತೀರ್ಮಾನಿಸಿರುವುದಿಲ್ಲ. ವಕೀಲರ ಮಾತೆಲ್ಲ ಮುಗಿಯಿತು, ಜಡ್ಜ್ ನಮಗೆ ಕಾನೂನು ಓದಿ ಹೇಳಿದರು, ಕ್ಲರ್ಕು ಒಂದು ಮರದ ಡಬ್ಬಿ ತಂದು ನಮ್ಮ ಹೆಸರಿನ ಚೀಟಿಗಳನ್ನು ಹಾಕಿ ಅಲುಗಾಡಿಸಿದ. ಚರ್ಚಿನ ಬಿಂಗೋ ಆಟದ ಹಾಗೆಯೇ ಇತ್ತು. ಮೊದಲ ಚೀಟಿ ಅಂಚೆ ಕಚೇರಿಯ ನೆಲ್ಸನ್‌ನದು. ಅವನು ಸಂತೋಷವಾಗಿ ಟೋಪಿ ಎತ್ತಿಕೊಂಡ. ಎರಡನೆಯದು ನನ್ನದು.

ಕ್ಲೆಮ್ ನನಗೆ ದಾರಿ ಬಿಡಲು ಮಂಡಿಯನ್ನು ಪಕ್ಕಕ್ಕೆ ತಿರುಗಿಸಿದ. ನಾನು ಎದ್ದು ನಿಂತವಳು ಹಾಗೇ ನಿಂತೆ. ಬಾಯಿಯೂ ತೆರೆದಿತ್ತೆಂದು ಕಾಣುತ್ತದೆ. ಜಡ್ಜ್ ಸಾಹೇಬರು, "ತುಂಬ ಉಪಕಾರವಾಯ್ತು ತಾಯಿ, ನಿಮ್ಮ ಕೆಲಸ ಮುಗೀತು" ಎಂದರು. ನಾನು ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ.

ಮನೆಗೆ ಹೋಗಲು ಮನಸ್ಸಾಗದೆ ಕೋರ್ಟಿನ ಎದುರಿನ ಹುಲ್ಲುಹಾಸಿನ ಬೆಂಚಿನ ಮೇಲೆ ಕೂತೆ. ಮೇಲೆ ಆ ಕೋಣೆಯ ಕಿಟಕಿ ಸೆಖೆಗೆ ತೆರೆದಿತ್ತು. ಕ್ಲೆಮ್ ಕೆಮ್ಮುವುದು ಕೇಳಿಸುತ್ತಿತ್ತು. ಆಚೆಯ ಬೆಂಚಿನಲ್ಲಿ ಕಂದು ಟೋಪಿಯ ಹೆಂಗಸೊಬ್ಬಳು ಕೂತಿದ್ದಳು, ಅವಳೂ ಆ ಕಿಟಕಿಯನ್ನೇ ನೋಡುತ್ತಿದ್ದಳು. ದಫೇದಾರ ಹೊರಗೆ ಬಂದಾಗ ಹೋಗಿ ಕೈ ಹಿಡಿದುಕೊಂಡೆ. ಒಳಗಿರುವವರಿಗೆ ಒಂದು ಮಾತು ತಲುಪಿಸಬೇಕು ಎಂದೆ. ಅವನ ಮುಖ ಕೆಂಪಾಯಿತು. ಅಂಥ ಮಾತನ್ನು ಇನ್ನೊಮ್ಮೆ ಆಡಿದರೆ ನನ್ನನ್ನೇ ಒಳಗೆ ಹಾಕಬೇಕಾಗುತ್ತದೆ ಎಂದ.

ಐದು ಗಂಟೆಗೆ ಎಲ್ಲರೂ ಮನೆಗೆ ಹೋದರು. ಇನ್ನು ಸೋಮವಾರ. ತೀರ್ಪು ಬರುವವರೆಗೆ ನನ್ನ ಬಾಯಿಗೂ ಬೀಗವೇ. ನಿನಗೂ ಹೇಳುವಂತಿಲ್ಲ.

ಐಲಿ


ಆಸ್ಟೋರಿಯಾ
ಜುಲೈ ೨೪, ೧೯೭೭

ಐಲಿ,

ನಿನ್ನ ಹತ್ತೊಂಬತ್ತರ ಪತ್ರ ನಿನ್ನೆ ಬಂತು. ಏನು ಹುಚ್ಚು ಪ್ರಶ್ನೆಯೇ ಇದು? ಆ ಕಿಟಕಿಯಿಂದ ಚಳಿಗಾಲದಲ್ಲಿ ಏನೂ ಕಾಣುತ್ತಿರಲಿಲ್ಲ. ಚಾವಣಿಯ ಹಿಮವೆಲ್ಲ ಜಾರಿ ಅದರ ಮುಂದೆಯೇ ಬೀಳುತ್ತಿತ್ತು. ಕ್ರಿಸ್‌ಮಸ್ಸಿಗೆ ಮುಚ್ಚಿದರೆ ಮತ್ತೆ ಬೆಳಕು ಕಾಣುವುದು ಏಪ್ರಿಲ್‌ಗೆ. ಅಮ್ಮ ಮಧ್ಯಾಹ್ನವೇ ದೀಪ ಹಚ್ಚಿಕೊಂಡು ಏಲಕ್ಕಿ ಹಾಕಿದ ನಿಸು ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು. ಅಪ್ಪ ತೋಡಿ ಕೊಡುತ್ತಿದ್ದ, ಎರಡು ದಿನ ಬಿಟ್ಟರೆ ಮತ್ತೆ ಮುಚ್ಚುತ್ತಿತ್ತು. ಏಲಕ್ಕಿಯ ಪರಿಮಳ, ಸೀಮೆಎಣ್ಣೆಯ ವಾಸನೆ, ಆ ಕತ್ತಲು. ನೀನು ನೆನಪಿಸಿ ನನಗೆ ಅಳು ಬಂತು.

ಅದು ಸರಿ, ಜುಲೈನಲ್ಲಿ ಹಿಮದ ಮಾತು ಎತ್ತಿಸಿದ್ದೀಯ. ನನಗೊಂದು ಬಿಯರ್ ಬಾಕಿ.

ಲೆಂಪಿ


ಅಲ್ಡರ್ ಬೇ
ಜುಲೈ ೨೭, ೧೯೭೭

ಅಕ್ಕ,

ಸೋಮವಾರ ಮಧ್ಯಾಹ್ನ ತೀರ್ಪು ಬಂತು. ಅಪರಾಧಿ.

ಈಗ ನಾನು ಮಾತಾಡಬಹುದಂತೆ. ಯಾರ ಹತ್ತಿರ ಬೇಕಾದರೂ, ಎಷ್ಟು ಬೇಕಾದರೂ. ಕೋರ್ಟಿನಿಂದ ಫೋನ್ ಮಾಡಿ ಹೇಳಿದರು, ನಿಮ್ಮ ಮೇಲಿನ ನಿರ್ಬಂಧ ತೆಗೆದಿದೆ ಎಂದು. ಹಾಗಾದರೆ ಕೇಳು.

ಟ್ರೆಗಿಯರ್ ಅಜ್ಜಿ ಸಾಕ್ಷಿ ಹೇಳಿದಳು. ಎಂಬತ್ತೊಂದು ವರ್ಷ, ಚರ್ಚಿಗೆ ಹೋಗುವಂತೆ ಕೈಗವಸು ಹಾಕಿಕೊಂಡು ಬಂದಿದ್ದಳು. ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಆಲೂಗಡ್ಡೆ ಸುಲಿಯುತ್ತಿದ್ದೆ, ರೋಲಿ ಹೋಸ್ಕಿಂಗ್‌ನ ಹಿತ್ತಿಲ ಬಾಗಿಲಿಂದ ಬಂದು ಓಣಿಯಲ್ಲಿ ಹೋದ ಎಂದಳು. ಕಣ್ಣು ಚೆನ್ನಾಗಿದೆಯೇ, ಬೆಳಕು ಇತ್ತೇ, ರೋಲಿಯ ಗುರುತು ಹೇಗೆ ಎಂದು ಆ ಲ್ಯಾನ್ಸಿಂಗ್ ವಕೀಲ ಒಂದು ಗಂಟೆ ಕೇಳಿದ. ಅಜ್ಜಿ ಒಂದರಲ್ಲೂ ತಪ್ಪಲಿಲ್ಲ. ಸುಳ್ಳು ಹೇಳುವ ಮುಖವೂ ಅಲ್ಲ.

ಆಮೇಲೆ ಅವಳ ಮನೆಯ ದೊಡ್ಡ ಫೋಟೊ ತಂದು ನಮ್ಮ ಮುಂದೆ ನಿಲ್ಲಿಸಿದರು. ಜೂನ್‌ನಲ್ಲಿ ತೆಗೆದ ಫೋಟೊ. ತಗ್ಗಿನ ಕಿಟಕಿ, ಅದರ ಕೆಳಗೆ ಹೂವಿನ ಗಿಡ, ಮೇಲೆ ತಗಡಿನ ಚಾವಣಿ. ಚಾವಣಿಯ ಇಳಿಜಾರು ಸೀದಾ ಆ ಕಿಟಕಿಯ ಮೇಲೆಯೇ ಇಳಿಯುತ್ತದೆ. ನನಗೆ ಅಮ್ಮನ ದೀಪ ನೆನಪಾಯಿತು. ಅಂಗಡಿ ಸುಟ್ಟದ್ದು ಫೆಬ್ರವರಿಯಲ್ಲಿ. ಆ ಕಿಟಕಿ ಅವತ್ತು ತೆರೆದಿತ್ತೇ, ಮುಚ್ಚಿತ್ತೇ? ಯಾರಾದರೂ ತೋಡಿಕೊಟ್ಟಿದ್ದರೇ? ಇಷ್ಟೇ ನನ್ನ ಪ್ರಶ್ನೆ. ಒಬ್ಬರೂ ಕೇಳಲಿಲ್ಲ. ಲ್ಯಾನ್ಸಿಂಗ್‌ನವನು ಇಲ್ಲಿಗೆ ಮೊದಲು ಬಂದದ್ದೇ ಮೇ ತಿಂಗಳಲ್ಲಿ, ಅವನಿಗೆ ಹೇಗೆ ಹೊಳೆಯಬೇಕು? ಉಳಿದವರೆಲ್ಲ ಇಲ್ಲಿಯವರೇ, ವರ್ಷದಲ್ಲಿ ಅರ್ಧ ಸಲಿಕೆ ಹಿಡಿದು ಬಾಳುವವರೇ. ಆದರೆ ಕರಗಿದ ದಿನವೇ ಮರೆಯದಿದ್ದರೆ ಈ ಊರಲ್ಲಿ ಬದುಕುವುದಕ್ಕಾಗುವುದಿಲ್ಲ. ಜುಲೈನಲ್ಲಿ ಆ ಹೆಸರೆತ್ತಿದವರನ್ನು ನೋಡಿ ನಗುವುದು ನಮಗೆಲ್ಲ ರೂಢಿ. ಬೆವರು ಒರೆಸಿಕೊಳ್ಳುತ್ತಾ ಹೂವಿನ ಗಿಡದ ಫೋಟೊ ನೋಡಿದರು, ಮುಂದೆ ದಾಟಿಸಿದರು.

ಅವನು ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ. ಹನ್ನೆರಡೂ ಜನ ಒಪ್ಪಿದರೆ ಮಾತ್ರ ತೀರ್ಪು, ಒಬ್ಬರು ಒಪ್ಪದಿದ್ದರೂ ಇಲ್ಲ. ನಾನು ಒಪ್ಪುತ್ತಿರಲಿಲ್ಲ. ಅಷ್ಟು ಮಾತ್ರ ಗೊತ್ತು.

ಐಲಿ


ಆಸ್ಟೋರಿಯಾ
ಆಗಸ್ಟ್ ೩, ೧೯೭೭

ಐಲಿ,

ಜ್ಯೂರಿ ಕೂತ ಕೋಣೆಯ ಕಿಟಕಿ ತೆರೆದಿತ್ತು ಎಂದು ನೀನೇ ಬರೆದಿದ್ದೀಯ. ಕೆಳಗೆ ನಿಂತು ಒಂದು ಸಲ ಕೂಗಬಾರದಿತ್ತೇ? ಏನು ಮಾಡುತ್ತಿದ್ದರು, ಎರಡು ದಿನ ಒಳಗೆ ಕೂರಿಸುತ್ತಿದ್ದರು. ನಾನಾಗಿದ್ದರೆ ಊರೇ ಕೇಳುವ ಹಾಗೆ ಕೂಗುತ್ತಿದ್ದೆ. ನಿಲ್ಲು ಎಂದರೆ ನಿಲ್ಲುವುದು, ಹೋಗು ಎಂದರೆ ಹೋಗುವುದು. ಐವತ್ತನಾಲ್ಕು ವರ್ಷವಾದರೂ ನಿನಗೆ ಬುದ್ಧಿ ಬರಲಿಲ್ಲ.

ಬರೆದ ಮೇಲೆ ಹರಿದು ಹಾಕೋಣವೆನಿಸಿತು. ಆದರೆ ಕಳಿಸುತ್ತಿದ್ದೇನೆ. ಬೈಯುವವರು ಇನ್ನು ಯಾರಿದ್ದಾರೆ ನಿನಗೆ?

ಲೆಂಪಿ


ಅಲ್ಡರ್ ಬೇ
ಆಗಸ್ಟ್ ೨೦, ೧೯೭೭

ಅಕ್ಕ,

ಎರಡು ಸಾವಿರ ಮೈಲಿ ದೂರ ಕೂತು ಕೂಗುವುದು ಸುಲಭ. ನಿನ್ನ ಪತ್ರ ಓದಿ ಮೂರು ದಿನ ಸಿಟ್ಟಿನಲ್ಲಿದ್ದೆ. ನೀನು ಹೇಳಿದ್ದು ಸುಳ್ಳು ಎಂದಲ್ಲ. ಅದು ಆ ಹೊತ್ತಿಗೆ ನನ್ನ ತಲೆಗೇ ಬರಲಿಲ್ಲ ಎಂದು.

ನಿನ್ನೆ ಕ್ಲೆಮ್‌ನ ಹೊಲಕ್ಕೆ ಹೋಗಿದ್ದೆ. ಹುಲ್ಲು ಒಟ್ಟುತ್ತಿದ್ದ. ನನ್ನನ್ನು ಕಂಡು ಅವನಿಗೆ ಖುಷಿಯಾಯಿತು, ಜೇಬಿಗೆ ಕೈ ಹಾಕಿ ಪೆಪ್ಪರ್‌ಮಿಂಟ್ ಕೊಟ್ಟ. ಒಳಗೆ ಏನಾಯಿತು ಎಂದು ಕೇಳಿದೆ. ಶುಕ್ರವಾರವೇ ಹನ್ನೊಂದು ಜನ ಅಪರಾಧಿ ಎಂದಿದ್ದರಂತೆ. ಬೇಡ ಎಂದವನು ಇವನೊಬ್ಬ.

"ಸೋಮವಾರದ ತನಕ ಹಿಡ್ಕೊಂಡಿದ್ದೆ ಐಲಿ. ಯಾಕೆ ಬೇಡ ಹೇಳು ಅಂತ ಎಲ್ರೂ ಕೇಳೋರು. ಯಾಕೋ ಸರಿ ಕಾಣ್ತಿಲ್ಲ ಅಂತಿದ್ದೆ. ಯಾಕೋ ಅಂದ್ರೆ ಏನು, ಅಂತ ಮತ್ತೆ ಕೇಳೋರು. ಹೇಳೋಕೆ ನನ್ನ ಹತ್ರ ಏನೂ ಇರಲಿಲ್ಲ. ಎಲ್ರಿಗೂ ಮನೆಗೆ ಹೋಗೋ ಅವಸರ. ಕೊನೆಗೆ ನಂಗೂ ಸಾಕಾಯ್ತು."

ನಾನು ಕಿಟಕಿಯ ಮಾತು ಹೇಳಿದೆ. ಹಿಮದ ಮಾತು ಯಾರಾದರೂ ಎತ್ತಿದರೇ ಎಂದು ಕೇಳಿದೆ. ಅವನು ಹುಲ್ಲಿನ ಕವೆಗೋಲನ್ನು ನೆಲಕ್ಕೆ ಊರಿ ಅದರ ಮೇಲೆಯೇ ಭಾರ ಬಿಟ್ಟು ನಿಂತ. ನಮ್ಮ ಮನೆಯ ಕಿಟಕಿಯೂ ಹಾಗೇ ಮುಚ್ಚುತ್ತದೆ ಎಂದ. ಆಮೇಲೆ ನನಗೆ ಬೆನ್ನು ಮಾಡಿ ಮತ್ತೆ ಹುಲ್ಲು ಒಟ್ಟತೊಡಗಿದ. ನಾನು ಹೋಗಬಾರದಿತ್ತು ಅಕ್ಕ. ಅವನಿಗೆ ಅದನ್ನು ಹೇಳಿ ನಾನು ಏನು ಸಾಧಿಸಿದೆ?

ಲ್ಯಾನ್ಸಿಂಗ್ ವಕೀಲನಿಗೆ ಪತ್ರ ಬರೆದಿದ್ದೇನೆ. ನೋಡೋಣ.

ಐಲಿ


ಅಲ್ಡರ್ ಬೇ
ಅಕ್ಟೋಬರ್ ೩೦, ೧೯೭೭

ಪ್ರೀತಿಯ ಅಕ್ಕ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಬೈಯಬೇಡ. ಶಾಲೆ ಶುರುವಾಗಿದೆ, ಮುನ್ನೂರು ಮಕ್ಕಳ ಊಟ.

ವಕೀಲ ಉತ್ತರ ಬರೆದಿದ್ದ. ಮೇಲಿನ ಕೋರ್ಟಿನಲ್ಲಿ ಜಡ್ಜ್ ತಪ್ಪು ಮಾಡಿದ್ದರೆ ಕೇಳುತ್ತಾರೆ, ನಾವು ಕೇಳಲು ಮರೆತ ಪ್ರಶ್ನೆಯನ್ನು ಕೇಳುವುದಿಲ್ಲ ಎಂದ. ಆದರೆ ಅಜ್ಜಿಯೇ ಬಾಯಿಬಿಟ್ಟು ಕಿಟಕಿ ಮುಚ್ಚಿತ್ತು ಎಂದರೆ ಏನಾದರೂ ಮಾಡಬಹುದು ಎಂದಿದ್ದ. ಅಜ್ಜಿ ಈಗ ಮನೆ ಬಿಟ್ಟು ಆಸ್ಪತ್ರೆಯ ಹತ್ತಿರದ ವೃದ್ಧಾಶ್ರಮದಲ್ಲಿದ್ದಾಳೆ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಭಾನುವಾರ ನಿಸು ಬ್ರೆಡ್ಡು ಕಟ್ಟಿಕೊಂಡು ಅಲ್ಲಿಗೆ ಹೋದೆ.

ನನ್ನನ್ನು ಯಾರದೋ ಮಗಳು ಎಂದುಕೊಂಡಳು. ಬಾ ಕೂರು ಎಂದಳು. ಮನೆಯ ಮಾತು, ಗಂಡನ ಮಾತು, ಬೆಕ್ಕಿನ ಮಾತು ಎಲ್ಲ ಆಯಿತು. ಆಮೇಲೆ ನಾನು ಕೇಳಿದೆ, ಚಳಿಗಾಲದಲ್ಲಿ ನಿಮ್ಮ ಅಡುಗೆಮನೆ ಕಿಟಕಿಯ ಹಿಮ ಯಾರು ತೋಡುತ್ತಿದ್ದರು ಅಜ್ಜಿ, ಎಂದು. ಇಡೀ ಬೇಸಿಗೆ ನನ್ನ ಗಂಟಲಲ್ಲಿ ಕೂತಿದ್ದ ಪ್ರಶ್ನೆ, ಎಷ್ಟು ಸಲೀಸಾಗಿ ಹೊರಗೆ ಬಂತು.

"ಇನ್ಯಾರು, ರೋಲಿನೇ. ಅಂಗಡಿ ಬಾಗಿಲು ತೋಡಿ ಮುಗಿಸಿ ದಿನಾ ನನ್ನ ಕಿಟಕಿಗೆ ಬರೋನು. ಒಳ್ಳೆ ಹುಡುಗ. ಆ ಕೊನೇ ವಾರ ಮಾತ್ರ ಬರಲಿಲ್ಲ ನೋಡು. ಕೆಲಸದಿಂದ ತೆಗೆದ್ರಲ್ಲ, ಈ ಕಡೆ ತಲೆನೇ ಹಾಕಲಿಲ್ಲ. ಕತ್ತಲಲ್ಲಿ ಕೂತು ಆಲೂಗಡ್ಡೆ ಸುಲಿದೆ. ಅವನ ಮೇಲೆ ಎಷ್ಟು ಕೋಪ ಬಂದಿತ್ತು ಅಂತೀಯ!"

ಹಾಗಾದರೆ ಅವನು ಓಣಿಯಲ್ಲಿ ಹೋದದ್ದು ಹೇಗೆ ನೋಡಿದಿರಿ ಎಂದೆ.

"ನೋಡಿದೆ. ದಿನಾ ನೋಡ್ತಿದ್ನಲ್ಲಮ್ಮ."

ಅಷ್ಟೇ. ಮೋಸವಿಲ್ಲ, ದ್ವೇಷವಿಲ್ಲ. ದಿನಾ ನೋಡುತ್ತಿದ್ದಳು, ಅವತ್ತೂ ನೋಡಿದೆ ಎಂದುಕೊಂಡಳು. ಕೋರ್ಟಿನಲ್ಲಿ ಇದನ್ನು ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದಳು.

ಆವತ್ತೇ ವಕೀಲನಿಗೆ ಫೋನ್ ಮಾಡಿದೆ. ಅವನು ಬರುವಷ್ಟರಲ್ಲಿ ಮೂರು ವಾರ ಕಳೆಯಿತು. ನಾನೂ ಜೊತೆಗೆ ಹೋದೆ. ಅಜ್ಜಿಗೆ ನಡುವೆ ಒಂದು ಸಣ್ಣ ಲಕ್ವ ಹೊಡೆದಿತ್ತಂತೆ, ನಮಗೆ ಯಾರೂ ಹೇಳಿರಲಿಲ್ಲ. ಕಿಟಕಿ ಎಂದರೆ ಪಕ್ಕದ ಕಿಟಕಿ ತೋರಿಸಿದಳು. ಹಿಮ ಎಂದರೆ ನಕ್ಕಳು. ರೋಲಿ ಎಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂತು, "ನಾನು ಅವನನ್ನ ನೋಡಿದೆ. ಜಡ್ಜ್‌ಗೆ ಹೇಳಿದೀನಿ" ಎಂದಳು. ಹತ್ತು ಸಲ ಕೇಳಿದರೂ ಅದೇ. ವಕೀಲ ತಂದ ಕಾಗದ ಹಾಗೇ ಅವನ ಚೀಲಕ್ಕೆ ವಾಪಸು ಹೋಯಿತು. ನಾನು ಕೇಳಿಸಿಕೊಂಡದ್ದನ್ನು ನಾನೇ ಪ್ರಮಾಣ ಮಾಡಿ ಹೇಳುತ್ತೇನೆ ಎಂದೆ. ಅವನು ನನ್ನ ಕಡೆ ಕನಿಕರದಿಂದ ನೋಡಿದ. ಇನ್ನೊಬ್ಬರು ಹೇಳಿದ್ದನ್ನು ಕೇಳಿದೆ ಎನ್ನುವುದು ಸಾಕ್ಷಿಯಾಗುವುದಿಲ್ಲ, ಅದರಲ್ಲೂ ಜ್ಯೂರಿಯಿಂದ ಹೊರಗೆ ಬಂದವರ ಮಾತು ಎಂದ.

ಇವತ್ತು ಬೆಳಿಗ್ಗೆ ಮೊದಲ ಹಿಮ ಬಿತ್ತು. ವೈನೋ ಗಾಡಿಗೆ ಎಣ್ಣೆ ಹಾಕಲು ಹೋಗಿದ್ದಾನೆ. ಈಗ ಊರೆಲ್ಲ ಅದೇ ಮಾತು, ಅಂಗಡಿಯಲ್ಲಿ, ಚರ್ಚಿನಲ್ಲಿ, ಎಲ್ಲರ ಬಾಯಲ್ಲೂ ಹಿಮ. ನನಗೆ ಕಿವಿ ಮುಚ್ಚಿಕೊಳ್ಳೋಣ ಎನಿಸುತ್ತದೆ.

ಐಲಿ


ಆಸ್ಟೋರಿಯಾ
ನವೆಂಬರ್ ೮, ೧೯೭೭

ಐಲಿ,

ಕೂಗಬಾರದಿತ್ತೇ ಎಂದು ಬರೆದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಾನೂ ಕೂಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರು ಯಾವಾಗ ಕೂಗಿದ್ದಾರೆ?

ನೀನು ಮಾಡುವಷ್ಟು ಮಾಡಿದೆ. ಇನ್ನು ಬಿಡು. ಆ ತಾಯಿಯ ಹತ್ತಿರ ಮಾತ್ರ ಹೋಗಬೇಡ. ಹೋಗಿ ಏನು ಹೇಳುತ್ತೀಯ? ಕ್ಲೆಮ್‌ಗೆ ಹೇಳಿ ಆದದ್ದು ಸಾಲದೇ? ಅವಳು ಹೇಗೋ ಒಂದು ದಿನ ಕಳೆದು ಇನ್ನೊಂದು ದಿನಕ್ಕೆ ಹೋಗುತ್ತಿರುತ್ತಾಳೆ.

ಮಂಡಿಗೆ ಹಾಕಿಕೊಳ್ಳಲು ನೀನು ಹೆಣೆದ ಉಣ್ಣೆಯ ಪಟ್ಟಿ ಬಂತು. ಚೆನ್ನಾಗಿದೆ.

ನಿನ್ನ ಅಕ್ಕ,
ಲೆಂಪಿ


ಅಲ್ಡರ್ ಬೇ
ಫೆಬ್ರವರಿ ೧೯, ೧೯೭೮

ಅಕ್ಕ,

ನಾನು ಹೋಗಲಿಲ್ಲ. ಅವಳೇ ಬಂದಳು.

ರೋಲಿಯ ತಾಯಿ, ಹೆಸರು ಒಡೀಲ್. ಅವತ್ತು ಹುಲ್ಲುಹಾಸಿನ ಇನ್ನೊಂದು ಬೆಂಚಿನಲ್ಲಿ ಕೂತಿದ್ದ ಕಂದು ಟೋಪಿಯವಳು. ನಿನ್ನೆ ಮಧ್ಯಾಹ್ನ ನಾನು ಕಾಫಿ ಸೋಸುತ್ತಿದ್ದಾಗ ಬಾಗಿಲು ತಟ್ಟಿದಳು. ಬಸ್ಸು ಇಳಿದು ಅಷ್ಟು ದೂರ ಹಿಮದಲ್ಲಿ ನಡೆದು ಬಂದಿದ್ದಳು, ಬೂಟಿನ ಮೇಲಕ್ಕೂ ಹಿಮ ಅಂಟಿತ್ತು. ಒಳಗೆ ಕರೆದು ಒಲೆಯ ಹತ್ತಿರ ಕೂರಿಸಿ ಬಿಸಿ ಕಾಫಿ ಕೊಟ್ಟೆ. ತಿಂಗಳಿಗೊಮ್ಮೆ ಜೈಲಿಗೆ ಹೋಗಿ ಬರುತ್ತಾಳಂತೆ. ರೋಲಿಗೆ ಅಲ್ಲಿಯೂ ಸಲಿಕೆಯ ಕೆಲಸವನ್ನೇ ಕೊಟ್ಟಿದ್ದಾರಂತೆ. ನಾನು ಸಕ್ಕರೆ ಮುಂದಕ್ಕೆ ತಳ್ಳಿದೆ.

"ನಾನು ಅಷ್ಟು ದಿನಾನೂ ವಕೀಲರನ್ನ ನೋಡಲಿಲ್ಲ," ಎಂದಳು. "ಅವರ ಮಾತು ನಂಗೆ ಅರ್ಥ ಆಗ್ತಿರಲಿಲ್ಲ. ನಿಮ್ಮ ಹದಿನಾಲ್ಕು ಜನದ ಮುಖಾನೇ ನೋಡ್ತಿದ್ದೆ. ಆ ಮನೆ ಫೋಟೊ ತಂದಾಗ ನಿಮ್ಮ ಮುಖ ಬದಲಾಯ್ತು. ನಿಮ್ಮೊಬ್ರದೇ. ಇವರಿಗೆ ಏನೋ ಗೊತ್ತಾಗಿದೆ, ಇವರು ಒಳಗೆ ಹೋಗಿ ಹೇಳ್ತಾರೆ ಅಂದ್ಕೊಂಡೆ. ಡಬ್ಬಿಯಿಂದ ನಿಮ್ಮ ಹೆಸರು ಬಂತಲ್ಲ, ಆವಾಗ್ಲೇ ನನ್ನ ಮಗ ಹೋದ."

ನಾನು ಲೋಟವನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. ಅವಳು ಅಳಲಿಲ್ಲ. ಬಯ್ಯಲೂ ಇಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಒಳಗೆ ಹೋಗಿದ್ರೆ ಏನು ಹೇಳ್ತಿದ್ರಿ? ಅದನ್ನ ಕೇಳೋಕೆ ಬಂದೆ."

ನಿನ್ನ ಮಾತು ನೆನಪಿತ್ತು ಅಕ್ಕ. ಏನಿಲ್ಲ, ಈಗ ಮರೆತುಹೋಗಿದೆ ಎನ್ನೋಣವೆಂದುಕೊಂಡೆ. ಆದರೆ ಅಷ್ಟು ದೂರ ನಡೆದು ಬಂದವಳಿಗೆ ಸುಳ್ಳು ಹೇಳಲಾಗಲಿಲ್ಲ. ಹುರುಳಿಕಾಯಿ ಗಿಡಗಳ ಮುಂದೆ ಹೇಳಿ ಹೇಳಿ ಬಾಯಿಪಾಠವಾಗಿದ್ದನ್ನು, ಆ ಹನ್ನೆರಡು ಜನರಿಗೆ ಹೇಗೆ ಹೇಳಬೇಕೆಂದಿದ್ದೆನೋ ಹಾಗೆಯೇ ಅವಳಿಗೆ ಹೇಳಿದೆ. ಚಾವಣಿಯ ಇಳಿಜಾರು, ತಗ್ಗಿನ ಕಿಟಕಿ, ಫೆಬ್ರವರಿ ತಿಂಗಳು, ನಮ್ಮ ಅಮ್ಮ ಮಧ್ಯಾಹ್ನ ಹಚ್ಚುತ್ತಿದ್ದ ದೀಪ. ನಾಲಿಗೆ ಒಣಗಲಿಲ್ಲ, ಒಂದು ಮಾತೂ ತಪ್ಪಲಿಲ್ಲ. ಅಜ್ಜಿ ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅದು ನನ್ನಿಂದಾಗಲಿಲ್ಲ.

ಅವಳು ನಡುವೆ ಏನೂ ಕೇಳದೆ, ನಾವು ಕೋರ್ಟಿನಲ್ಲಿ ಕೂರುತ್ತಿದ್ದ ಹಾಗೆಯೇ ಕೂತು ಕೇಳಿದಳು. ಮುಗಿದ ಮೇಲೆ ನಮ್ಮ ಅಡುಗೆಮನೆಯ ಕಿಟಕಿಯ ಕಡೆ ತಿರುಗಿದಳು. ವೈನೋ ಬೆಳಿಗ್ಗೆ ತೋಡಿರಲಿಲ್ಲ. ಗಾಜಿನ ಮುಕ್ಕಾಲು ಪಾಲು ಬೆಳ್ಳಗಿತ್ತು.

"ಇಷ್ಟೇನಾ?" ಎಂದಳು.

ಇಷ್ಟೇ ಎಂದೆ.

ಅವಳು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೇಳೋಕೆ ಕಾಫಿ ಆರೋವಷ್ಟು ಹೊತ್ತೂ ಹಿಡೀಲಿಲ್ಲ," ಎಂದಳು.

ಆಮೇಲೆ ಅದನ್ನು ಕುಡಿದಳು. ನಾನು ಇನ್ನೊಂದು ಲೋಟ ಹಾಕಿಕೊಟ್ಟೆ.

ನಿನ್ನ ತಂಗಿ,
ಐಲಿ